ಹಲ್ಲಿನಲ್ಲಿ ಹಿಡಿಯುವ ಟಾರ್ಚು

ಟಾರ್ಚ್ ಮಾಡುವವರಿಗೆ ಕೈಗಳಿರುತ್ತವೋ ಇಲ್ಲವೋ ಎಂದು ನನಗೆ ಬಹಳ ದಿನಗಳಿಂದ ಅನುಮಾನ. ಇದ್ದಿದ್ದರೆ ಒಂದೇ ಬಟನ್ನಿಗೆ ಐದು ಕೆಲಸ ಹಚ್ಚುತ್ತಿರಲಿಲ್ಲ. ಒಮ್ಮೆ ಒತ್ತಿದರೆ ಜೋರು ಬೆಳಕು, ಮತ್ತೆ ಒತ್ತಿದರೆ ಮಂದ, ಮತ್ತೆ ಒತ್ತಿದರೆ ಇನ್ನೂ ಮಂದ, ಆಮೇಲೆ ಮದುವೆ ಮೆರವಣಿಗೆಯ ಹಾಗೆ ಪಟಪಟ ಮಿನುಗು, ಕೊನೆಗೆ ಸಮುದ್ರದಲ್ಲಿ ಮುಳುಗುತ್ತಿರುವವರು ಸಹಾಯ ಕೇಳುವ ಸಂಜ್ಞೆ. ನಾನು ಮುಂಬಯಿಯ ದಾದರಿನಲ್ಲಿ ಲಿಫ್ಟ್ ರಿಪೇರಿ ಮಾಡುವವನು. ನನ್ನ ಹಡಗು ಎಲ್ಲಿ ಮುಳುಗಬೇಕು?

ಆದ್ದರಿಂದ ನಮ್ಮ ಶಾಖೆಯ ಕುಂದಾ ಗುಪ್ತೆ ಮೇಡಂ, ಇನ್ನು ಮೇಲೆ ಎಲ್ಲರಿಗೂ ಒಂದೇ ಥರದ ಟಾರ್ಚು ಎಂದಾಗ ನನಗೆ ಹಬ್ಬವಾಯಿತು. ಅಲ್ಲಿಯವರೆಗೆ ಒಬ್ಬೊಬ್ಬನ ಕಿಸೆಯಲ್ಲಿ ಒಂದೊಂದು ಜಾತಿ. ಒಬ್ಬನದಕ್ಕೆ ವಾಚಿನ ಸೆಲ್ಲು, ಇನ್ನೊಬ್ಬನದಕ್ಕೆ ಚಾರ್ಜಿನ ವೈರು. ಕೆಲಸದ ನಡುವೆ ಒಬ್ಬನದು ಆರಿದರೆ ಇನ್ನೊಬ್ಬನ ಸೆಲ್ಲು ಕೂರುತ್ತಿರಲಿಲ್ಲ. ಮೇಡಂ ಹಾಕಿದ್ದು ಒಂದೇ ಷರತ್ತು: ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ಲು, ಅದೂ ಒಂದೇ ಒಂದು. ಪಾನ್ ಅಂಗಡಿಯಲ್ಲೂ ಸಿಗಬೇಕು, ಅಂಗಿಯ ಕಿಸೆಯಲ್ಲೂ ಕೂರಬೇಕು.

ಅಂಗಡಿಯವರು ಮೂರು ಮಾದರಿ ಕಳಿಸಿದರು. ಮೇಡಂ ನಮ್ಮ ಮೂವರನ್ನು ಕರೆದರು. ಮಧು ಖಾನೋಲಕರ್, ನಮಗೆಲ್ಲ ಮಧು ಕಾಕಾ, ಕೊಂಕಣದ ಮಾಲವಣದ ಕಡೆಯವರು, ನಾನು ಹುಟ್ಟುವ ಮುಂಚಿನಿಂದ ಲಿಫ್ಟು ಏರಿಳಿಯುವ ಬಾವಿಗಳಲ್ಲಿ ಇಳಿದು ಹತ್ತುತ್ತಿರುವವರು. ಇಲ್ಯಾಸ್ ಭಾಯ್, ಮೋಟಾರಿನ ಸದ್ದು ಕೇಳಿಯೇ ಅದರ ಜ್ವರ ಹೇಳುವವನು. ಮೂರನೆಯವನು ನಾನು, ದಿಗಂಬರ ಲೋಕೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಕಾಕಾನ ಹಿಂದೆ ಚೀಲ ಹೊತ್ತು ಬಂದ ನನ್ನನ್ನು ದಿಗ್ಯಾ ಎನ್ನದವರು ಈ ಊರಿನಲ್ಲಿ ಮೇಡಂ ಒಬ್ಬರೇ.

"ಈ ವಾರ ಮೂರನ್ನೂ ಬಳಸಿ ನೋಡಿ. ಶನಿವಾರ ಒಂದರ ಹೆಸರು ಹೇಳಿ," ಎಂದರು ಮೇಡಂ. "ಆಮೇಲೆ ಟಾರ್ಚು ಸರಿಯಿಲ್ಲ ಅಂತ ಯಾರಾದ್ರೂ ಬಂದ್ರೆ ಆ ಟಾರ್ಚನ್ನೇ ತಿನ್ನಿಸ್ತೀನಿ."

ನಮ್ಮಲ್ಲಿ ಟಾರ್ಚನ್ನು ಅಳೆಯುವುದು ಬೆಳಕಿನಿಂದಲ್ಲ, ಬಾಯಿಯಿಂದ. ಲಿಫ್ಟ್ ಪೆಟ್ಟಿಗೆಯ ತಲೆಯ ಮೇಲೆ ನಿಂತಾಗ ಒಂದು ಕೈಯಲ್ಲಿ ಪಾನಾ, ಅಂದರೆ ಸ್ಪ್ಯಾನರು, ಇನ್ನೊಂದರಲ್ಲಿ ಬೋಲ್ಟು. ಟಾರ್ಚಿಗೆ ಉಳಿಯುವುದು ಹಲ್ಲು ಮಾತ್ರ. ಪಾನಾ ಹಿಡಿಯುವ ಮುಂಚೆ ಟಾರ್ಚು ಕಚ್ಚುವುದನ್ನು ಕಲಿಯುತ್ತೇವೆ. ನನಗೆ ಕಲಿಸಿದ್ದೇ ಕಾಕಾ. ಕತ್ತು ತಿರುಗಿಸಿದ ಕಡೆ ಬೆಳಕು ತಿರುಗಬೇಕು, ಜೊಲ್ಲು ಮಾತ್ರ ಇಳಿಯಬಾರದು.

ಮೂರರಲ್ಲಿ ಕಪ್ಪನೆಯದನ್ನು ನಾನು ಮೊದಲ ದಿನವೇ ಹೊರಗೆ ಹಾಕಿದೆ. ಕುತ್ತಿಗೆ ದಪ್ಪ, ಬಾಯಿಗೆ ಹಾಕಿದರೆ ದವಡೆ ಕಳಚುತ್ತದೆ. ಐದು ಕೆಲಸದ ಬಟನ್ನು ಬೇರೆ. ಮಾಟುಂಗಾದ ಒಂದು ಕಟ್ಟಡದಲ್ಲಿ ಇಲ್ಯಾಸ್ ಭಾಯ್ ಬ್ರೇಕಿಗೆ ಕೈ ಹಾಕಿದ್ದಾಗ ಅವನ ನಾಲಿಗೆ ಬಟನ್ನಿಗೆ ತಾಗಿ ಪಟಪಟ ಮಿನುಗಲು ಶುರುವಾಯಿತು.

"ದಿಗ್ಯಾ, ಇದನ್ನ ನಿನ್ನ ಮದುವೆಗೆ ಇಟ್ಕೋ," ಎಂದ ಉಗುಳಿ. "ಲೈಟಿನವನನ್ನ ಕರೆಸೋದು ಬೇಡ."

ಹಳದಿಯದು ಪ್ಲಾಸ್ಟಿಕ್ಕು, ಹತ್ತಿಯ ಹಾಗೆ ಹಗುರ. ಬೆಳಕೂ ಅಷ್ಟೇ ಹಗುರ. ಅದನ್ನು ಹಚ್ಚಿದ್ದೀವೋ ಇಲ್ಲವೋ ಎಂದು ನೋಡಲು ಇನ್ನೊಂದು ಟಾರ್ಚು ಬೇಕು.

ಬೆಳ್ಳಿ ಬಣ್ಣದ್ದು ಮಾತ್ರ ಟಾರ್ಚು. ಅಲ್ಯೂಮಿನಿಯಂ ಮೈ, ಬೆರಳಿನಷ್ಟು ಸಣ್ಣ. ಎರಡೇ ಬೆಳಕು, ಹೆಚ್ಚು ಮತ್ತು ಕಡಿಮೆ. ಗ್ರೀಸು ಮೆತ್ತಿದ ಕೈಗೂ ಸಿಗುವ ಉಬ್ಬಿದ ಬಟನ್ನು, ಮೈಮೇಲೆ ಸಣ್ಣ ಸಣ್ಣ ಗೀರುಗಳ ಹಿಡಿತ. ಕಿಸೆಯಲ್ಲಿಟ್ಟು ಕುಕ್ಕರಗಾಲಲ್ಲಿ ಕೂತರೂ ಚುಚ್ಚದು. ಹಳೆಯ ಸೆಲ್ಲು ಹಾಕಿದರೂ ಹೇಳದೆ ಕೇಳದೆ ಆರದು, ಮಂದವಾಗುತ್ತಾ ಎಚ್ಚರಿಸುತ್ತದೆ. ಬೆಳಕಿನ ನಡುವೆ ಕಣ್ಣು ಕುಕ್ಕುವ ಚುಕ್ಕೆಯಿಲ್ಲ. ಹತ್ತಿರದ ವೈರಿನ ಬಣ್ಣ ಕೆಂಪಿದ್ದರೆ ಕೆಂಪು, ಕಂದು ಇದ್ದರೆ ಕಂದು ಕಾಣುತ್ತದೆ. ಇಂಥದ್ದನ್ನು ಮಾಡಿದವನು ಜೀವಮಾನದಲ್ಲಿ ಒಮ್ಮೆಯಾದರೂ ಕತ್ತಲಲ್ಲಿ ಕೆಲಸ ಮಾಡಿರಬೇಕು.

ಶುಕ್ರವಾರ ಬೆಳಿಗ್ಗೆ ಹಿಂದೂ ಕಾಲನಿಯ ಹಳೆಯ ಕಟ್ಟಡವೊಂದರಲ್ಲಿ ತಿಂಗಳ ಸರ್ವಿಸು. ಗೇಟಿನ ಹತ್ತಿರ ವಡಾಪಾವ್ ತಿನ್ನುತ್ತಾ ನಾನು, "ಹಾಗಾದ್ರೆ ಬೆಳ್ಳೀದು ಅಂತ ಹೇಳಿಬಿಡೋಣ," ಎಂದೆ.

"ಹಳದೀದು," ಎಂದರು ಕಾಕಾ.

"ಏನು?"

"ಹಳದೀದು. ಹಗುರ ಇದೆ. ಬೆಳ್ಳೀದು ಜಾರುತ್ತೆ."

"ಜಾರುತ್ತಾ? ಕಾಕಾ, ಅದರ ಮೈ ಅರದ ಥರ ಇದೆ. ಅದರಲ್ಲಿ ಉಗುರು ಉಜ್ಜಬಹುದು."

"ಉಗುರು ಉಜ್ಜೋಕೆ ಬೇಕಾದ್ರೆ ತಗೋ. ಕೆಲಸಕ್ಕೆ ಹಳದೀದು."

ನನ್ನ ತಲೆಗೆ ಏರಿತು. ಮೂವತ್ತು ವರ್ಷ ಬಾವಿಯಲ್ಲಿ ನೇತಾಡಿದ ಮನುಷ್ಯ ಆ ಮಿಣುಕು ಹುಳದ ಪರ ನಿಲ್ಲಬೇಕಾದರೆ ಏನೋ ಇರಲೇಬೇಕು. ಮಾದರಿ ಕಳಿಸಿದ ಅಂಗಡಿಯವನೂ ಮಾಲವಣದವನೇ ಎಂದು ನೆನಪಾಯಿತು; ಮಾರದೆ ಉಳಿದ ಹಳದಿಯದನ್ನು ಸಾಗಹಾಕಲು ನೋಡುತ್ತಿರಬೇಕು.

"ಎಷ್ಟು ಕೊಟ್ಟ ನಿಮ್ಮ ಊರಿನವನು?"

ಇಲ್ಯಾಸ್ ಭಾಯ್ ಅಗಿಯುವುದನ್ನು ನಿಲ್ಲಿಸಿದ. "ಬಾಯಿ ತೊಳ್ಕೊಳ್ಳೋ ದಿಗ್ಯಾ. ಯಾರ ಹತ್ರ ಮಾತಾಡ್ತಿದ್ದೀಯ?"

"ಕೇಳಬಾರದಾ? ನಾಳೆ ಆ ಹಳದಿ ಹಿಡ್ಕೊಂಡು ಯಾರಾದ್ರೂ ಕಂದು ವೈರು ಬಿಟ್ಟು ಕೆಂಪು ವೈರು ಮುಟ್ಟಿದ್ರೆ?"

ಕಾಕಾ ಸಿಟ್ಟಾಗಲಿಲ್ಲ. ಪಾವನ್ನು ಸಣ್ಣ ಸಣ್ಣದಾಗಿ ಮುರಿದು ಬಾಯಿಯ ಒಂದು ಮೂಲೆಗೆ ಹಾಕಿಕೊಳ್ಳುತ್ತಿದ್ದರು. ಅದು ನನ್ನನ್ನು ಇನ್ನಷ್ಟು ಉರಿಸಿತು.

"ಸರಿ," ಎಂದೆ. "ಬೆಳ್ಳೀದನ್ನ ಕಚ್ಕೊಂಡು ಪೆಟ್ಟಿಗೆ ಮೇಲೆ ಹತ್ತಿ. ಕೆಲಸ ಮುಗಿಯೋದ್ರೊಳಗೆ ಜಾರಿದ್ರೆ ಹಳದೀದೇ. ಮೇಡಂಗೆ ನಾನೇ ಹೇಳ್ತೀನಿ."

ಕಾಕಾ ಇಲ್ಯಾಸನನ್ನು ನೋಡಿದರು. ಇಲ್ಯಾಸ್ ರಸ್ತೆಯನ್ನು ನೋಡಿದ. ಕಾಕಾ ಕೈ ಒರೆಸಿಕೊಂಡು ಬೆಳ್ಳಿಯದನ್ನು ಕಿಸೆಗೆ ಹಾಕಿಕೊಂಡರು.

ಇಲ್ಯಾಸ್ ಭಾಯ್ ತಾರಸಿಯ ಯಂತ್ರದ ಕೋಣೆಗೆ ಹೋಗಿ ಮೇನ್ ಸ್ವಿಚ್ಚು ಆರಿಸಿದ. ಪೆಟ್ಟಿಗೆ ಮೂರನೇ ಮಹಡಿಯ ಹತ್ತಿರ ನಿಂತಿತ್ತು, ಕಾಕಾ ಅದರ ತಲೆಯ ಮೇಲೆ. ನಾನು ಕೆಳಗೆ ಬಾವಿಯ ತಳದ ಹೊಂಡದಲ್ಲಿ ಕಸ ಬಳಿಯುತ್ತಿದ್ದೆ: ಬಟ್ಟೆಯ ಕ್ಲಿಪ್ಪು, ಹಾಲಿನ ಪಾಕೀಟು, ಯಾವುದೋ ಮಗುವಿನ ಚೆಂಡು.

"ದಿಗ್ಯಾ, ಹೊಂಡದಿಂದ ಹೊರಗೆ ಬಾ. ಆಮೇಲೆ ಕಚ್ಕೋತೀನಿ," ಎಂದು ಕಾಕಾ ಮೇಲಿಂದ ಕೂಗಿದರು.

"ಬಂದೆ," ಎಂದು ಕೂಗಿದೆ. ಬರಲಿಲ್ಲ. ಬೀಳುವುದೇ ಇಲ್ಲ ಎಂದು ಗೊತ್ತಿರುವಾಗ ಹತ್ತಿ ಇಳಿಯುವುದೇಕೆ?

ನೆಲದ ಮಹಡಿಯ ಕಂಬಿ ಬಾಗಿಲಿನ ಆಚೆ ಐದನೇ ಮಹಡಿಯ ಸಬ್ನೀಸ್ ಆಜಿ ಬಂಗುಡೆಯ ಚೀಲ ಹಿಡಿದು ನಿಂತಿದ್ದರು.

"ಇನ್ನೂ ಎಷ್ಟು ಹೊತ್ತೋ? ಮೀನು ಬಿಸಿಲಿಗೆ ಬಂದಿದೆ."

"ಹತ್ತು ನಿಮಿಷ ಆಜಿ."

"ನಿಮ್ಮ ಹತ್ತು ನಿಮಿಷದಲ್ಲಿ ಇದು ಒಣಮೀನಾಗುತ್ತೆ."

ನಾನು ಉತ್ತರ ಯೋಚಿಸುತ್ತಿದ್ದಾಗ ಮೇಲೆ ಠಣ್ ಎಂದಿತು. ಕಂಬಿಗೆ ಬಡಿಯಿತು, ಗೋಡೆಗೆ ಬಡಿಯಿತು, ಆಮೇಲೆ ನನ್ನ ಹೆಲ್ಮೆಟ್ಟಿಗೆ. ಕಣ್ಣ ಮುಂದೆ ಕತ್ತಲೆ. ಅದರ ಹಿಂದೆಯೇ ಇನ್ನೇನೋ ಸಣ್ಣದೊಂದು ಭುಜ ಸವರಿ ಗ್ರೀಸಿನ ಮೇಲೆ ಬಿತ್ತು.

ಕತ್ತಲೆ ತಿಳಿಯಾದ ಮೇಲೆ ಮೊದಲು ಕಂಡದ್ದು ಟಾರ್ಚು. ಮೂರು ಮಹಡಿ ಬಿದ್ದಿದೆ, ಅಂಚು ನಗ್ಗಿದೆ, ಉರಿಯುತ್ತಲೇ ಇದೆ. ಇಂಥ ಟಾರ್ಚನ್ನು ಬೇಡವೆನ್ನುತ್ತಾರಲ್ಲ ಎಂದು ನನಗೆ ಅಲ್ಲೂ ಸಿಟ್ಟು ಬಂತು. ಎತ್ತಿಕೊಂಡು ಸುತ್ತ ಬೆಳಕು ಬಿಟ್ಟೆ. ಗ್ರೀಸಿನ ನಡುವೆ ಕೂತು ಒಂದು ಸಾಲು ಹಲ್ಲು ನನ್ನನ್ನು ನೋಡಿ ನಗುತ್ತಿತ್ತು.

ತಾರಸಿಯಿಂದ ಇಲ್ಯಾಸ್ ಕೂಗಿದ: "ಏನೋ ಬಿತ್ತು?"

"ಟಾರ್ಚು," ಎಂದೆ.

"ಎರಡು ಸಲ ಸದ್ದಾಯ್ತಲ್ಲ?"

"ಎರಡು ಸಲ ಬಿತ್ತು," ಎಂದೆ.

ಹಲ್ಲನ್ನು ಕೈಯಲ್ಲಿ ಮುಚ್ಚಿಕೊಂಡು ಹೊಂಡದಿಂದ ಹತ್ತಿದೆ. ಆಜಿಯ ಕಣ್ಣು ತಪ್ಪಿಸಲಾಗಲಿಲ್ಲ.

"ಯಾರದ್ದೋ ಅದು?"

"ಯಾರದ್ದೂ ಅಲ್ಲ ಆಜಿ."

"ಯಾರದ್ದೂ ಅಲ್ಲದ ಹಲ್ಲು ಅಂತ ಇರುತ್ತಾ? ಇಲ್ಲಿ ಕೊಡು. ಆ ಚಿಂದಿಯಲ್ಲಿ ಒರೆಸಬೇಡ, ಪೆದ್ದ."

ಮೀನಿನ ಚೀಲವನ್ನು ನನ್ನ ಕೈಗೆ ಕೊಟ್ಟು ವಾಚ್‌ಮನ್ನನ ನಲ್ಲಿಯಲ್ಲಿ ಅವನದೇ ಸೋಪು ಹಾಕಿ ತೊಳೆದರು. ಅಷ್ಟರಲ್ಲಿ ಕಾಕಾ ಮೆಟ್ಟಿಲಿಳಿದು ಬಂದರು, ಬಾಯಿಗೆ ಕರ್ಚೀಫು ಒತ್ತಿಕೊಂಡು. ನನ್ನ ಹೆಲ್ಮೆಟ್ಟಿನ ಬಿರುಕು ನೋಡಿದವರೇ ಮುಖ ಬಿಳಿಚಿ, ಕರ್ಚೀಫು ಬಿಟ್ಟು ನನ್ನ ಕೆನ್ನೆಗೆ ಬಾರಿಸಿದರು.

"ಬಂದೆ ಅಂದ್ಯಲ್ಲೋ."

ಆ ಮಾತಿನಲ್ಲಿ ಗಾಳಿಯೇ ಹೆಚ್ಚಿತ್ತು. ಆದರೂ ಏಟಿಗಿಂತ ಅದೇ ತಾಗಿತು. ಮೇಲಿನ ಸಾಲು ಪೂರ್ತಿ ಬೋಳು. ಹತ್ತು ವರ್ಷದಿಂದ ದಿನಾ ನೋಡಿದ ಮುಖ, ನನಗೆ ಗುರುತೇ ಹತ್ತಲಿಲ್ಲ.

"ತಗೋ," ಎಂದು ಆಜಿ ಹಲ್ಲು ಕೊಟ್ಟರು. "ಬಿಸಿನೀರಿಗೆ ಹಾಕಬೇಡ, ಸೊಟ್ಟ ಆಗುತ್ತೆ. ನಂದೂ ಎರಡು ಸಲ ಬೇಸಿನ್ನಿಗೆ ಬಿದ್ದಿದೆ. ಅಲ್ಲಪ್ಪ, ಟಾರ್ಚು ಏನು ಕಬ್ಬಾ, ಬಾಯಲ್ಲಿ ಕಚ್ಚೋಕೆ?"

ಅಷ್ಟು ಹೇಳಿ, ಬಂಗುಡೆ ಕಿತ್ತುಕೊಂಡು, ನಮಗೆ ಶಾಪ ಹಾಕುತ್ತಾ ಐದು ಮಹಡಿ ಹತ್ತಿಯೇ ಹೋದರು.

ಕಾಕಾ ಮೆಟ್ಟಿಲ ಮೇಲೆ ಕೂತು ಬೆನ್ನು ತಿರುಗಿಸಿ ಹಲ್ಲು ಕೂರಿಸಿಕೊಂಡರು. ಕಳೆದ ಗಣಪತಿ ಹಬ್ಬದಿಂದ ಹೀಗಂತೆ. ಹಗುರವಾದದ್ದನ್ನು ತುಟಿಯಲ್ಲಿ ಹೇಗೋ ಹಿಡಿಯುತ್ತಿದ್ದರಂತೆ.

"ಯಾರಿಗೂ ಹೇಳಬೇಡ," ಎಂದರು. "ಮೇಡಂಗೆ ಗೊತ್ತಾದ್ರೆ ನನ್ನನ್ನ ಫೋನಿನ ಮೇಜಿಗೆ ಕೂರಿಸ್ತಾರೆ. ಸಾಟಮ್‌ನ ವಯಸ್ಸಾಯ್ತು ಅಂತ ಕೂರಿಸಿದ್ದು ನೋಡಿದ್ಯಲ್ಲ. ದಿನವಿಡೀ ಬೇರೆಯವರ ಲಿಫ್ಟು ನಿಂತಿದ್ದಕ್ಕೆ ಬೈಸ್ಕೊಳ್ಳೋದು, ಬಿಸ್ಕತ್ತು ತಿನ್ನೋದು. ನಾನು ಅಲ್ಲಿ ಕೂತು ಸಾಯ್ತೀನಿ ದಿಗ್ಯಾ."

"ನನಗೆ ಹೇಳಬಾರದಿತ್ತಾ?"

"ನಿನಗೆ? ನಿನಗೆ ಹೇಳಿದ್ರೆ ದಾದರಿನಿಂದ ಠಾಣೆಯವರೆಗೂ ಕೇಳಿಸುತ್ತೆ."

ಬಿರುಕು ಬಿಟ್ಟ ಹೆಲ್ಮೆಟ್ಟು ನನ್ನ ಕೈಯಲ್ಲೇ ಇತ್ತು. ಹಳದಿಯದಕ್ಕೆ ಹೂಂ ಎಂದರೆ ಎಲ್ಲರೂ ಕುರುಡರಾಗಬೇಕು. ಬೆಳ್ಳಿಯದಕ್ಕೆ ಹೂಂ ಎಂದರೆ ಕಾಕಾ ಮೇಜಿನ ಪಾಲು, ಅಥವಾ ಇನ್ಯಾರದೋ ತಲೆ. ಸಿಟ್ಟು ತೀರಿಸಿಕೊಳ್ಳಲು ಯಾರೂ ಸಿಗದೆ ನಾನು ನೇರ ಮೂಲೆಯ ಪಂಕ್ಚರ್ ಅಂಗಡಿಗೆ ಹೋಗಿ ಹಳೆಯ ಸೈಕಲ್ ಟ್ಯೂಬಿನ ತುಂಡು ತಂದೆ. ಅದನ್ನು ಕಾಕಾನ ಹೆಲ್ಮೆಟ್ಟಿನ ಸುತ್ತ ಬಿಗಿದು, ಬೆಳ್ಳಿ ಟಾರ್ಚಿನ ಕ್ಲಿಪ್ಪನ್ನು ಅದರೊಳಗೆ ಸಿಕ್ಕಿಸಿದೆವು. ಟಾರ್ಚಿನ ಬಾಲದ ತೂತಿಗೆ ದಾರ ಕಟ್ಟಿ ಹೆಲ್ಮೆಟ್ಟಿನ ಪಟ್ಟಿಗೆ ಗಂಟು ಹಾಕಿದ್ದು ಇಲ್ಯಾಸ್. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ಅವನೂ ಏನೂ ಕೇಳಲಿಲ್ಲ.

ಶನಿವಾರ ಮೇಡಂ ಟಾರ್ಚನ್ನು ತಿರುಗಿಸಿ ನೋಡಿ, ನಗ್ಗಿದ ಅಂಚಿನ ಮೇಲೆ ಬೆರಳಿಟ್ಟರು. ಆಮೇಲೆ ನನ್ನ ಹೆಲ್ಮೆಟ್ಟು ನೋಡಿದರು.

"ಇದು ಅದರ ಮೇಲೆ ಬಿದ್ದಿದ್ದಾ?"

"ಹೌದು ಮೇಡಂ. ನಾನು ಹೊಂಡದಲ್ಲಿದ್ದೆ. ಇರಬಾರದಿತ್ತು."

"ಯಾರ ಕೈಯಿಂದ ಬಿತ್ತು?"

ನನ್ನ ಕೈಯಿಂದ ಎನ್ನಬೇಕೆಂದಿದ್ದೆ. ನನ್ನ ಕೈಯಿಂದ ಬಿದ್ದದ್ದು ನನ್ನ ತಲೆಯ ಮೇಲೆ ಹೇಗೆ ಬೀಳುತ್ತದೆ ಎಂದು ಜೋಡಿಸುವಷ್ಟರಲ್ಲಿ ಕಾಕಾ ಮುಂದೆ ಬಂದರು.

"ಕೈಯಿಂದಲ್ಲ ಮೇಡಂ, ನನ್ನ ಬಾಯಿಂದ. ಕಟ್ಟಿಸಿದ ಹಲ್ಲು. ಜಾರಿತು."

ಮೇಡಂ ಟಾರ್ಚನ್ನು ಮೇಜಿನ ಮೇಲಿಟ್ಟರು. ಇಲ್ಯಾಸ್ ಫ್ಯಾನು ನೋಡುತ್ತಿದ್ದ.

"ಬಾಯಿಂದಾ? ನೀವು ಬಾವಿಯಲ್ಲಿ ಟಾರ್ಚನ್ನ ಬಾಯಲ್ಲಿ ಇಟ್ಕೋತೀರಾ? ಎಲ್ಲರೂ?"

"ಎಲ್ಲರೂ," ಎಂದೆವು.

"ಕೆಳಗೆ ಮನುಷ್ಯ ಇರುವಾಗ ಮೇಲಿಂದ ವಸ್ತು ಬೀಳಿಸಿದವನು ಬಾವಿಗೆ ಇಳಿಯೋ ಹಾಗಿಲ್ಲ. ಗೊತ್ತಲ್ಲ ಖಾನೋಲಕರ್?"

"ಗೊತ್ತು. ಇನ್ನು ಹೆಲ್ಮೆಟ್ಟಿಗೆ ಕಟ್ಕೋತೀವಿ, ಬೀಳಲ್ಲ."

"ಹಾಗಾದ್ರೆ ಬೀಳಲ್ಲ ಅಂತ ತೋರಿಸಿ. ಈಗಲೇ. ನಮ್ಮ ಕಟ್ಟಡದ ಲಿಫ್ಟಿನ ಮೇಲೆ. ಬಾಗಿಲಿನ ಸ್ವಿಚ್ಚು ಬಿಚ್ಚಿ ಮತ್ತೆ ಕೂರಿಸಿ. ಏನಾದ್ರೂ ಒಂದು ಬಿದ್ರೂ ಸೋಮವಾರದಿಂದ ಫೋನು."

ಎರಡನೇ ಮಹಡಿಯ ಬಾಗಿಲು ತೆರೆದು ಮೇಡಂ, ಇಲ್ಯಾಸ್, ನಾನು ನಿಂತೆವು. ಕಾಕಾ ಪೆಟ್ಟಿಗೆಯ ತಲೆಯ ಮೇಲೆ, ಹೆಲ್ಮೆಟ್ಟಿಗೆ ಬೆಳ್ಳಿ ಟಾರ್ಚು. ಕತ್ತು ತಿರುಗಿಸಿದ ಕಡೆ ಬೆಳಕು ತಿರುಗಿತು. ಮೊದಲ ಸ್ಕ್ರೂ ಬಿಚ್ಚಿದರು. ಎರಡನೆಯದು ತುಕ್ಕು ಹಿಡಿದಿತ್ತು. ನನ್ನ ದವಡೆ ನನಗರಿವಿಲ್ಲದೆಯೇ ಬಿಗಿದುಕೊಂಡಿತ್ತು, ಟಾರ್ಚು ನಾನೇ ಕಚ್ಚಿದ್ದೇನೋ ಎಂಬಂತೆ.

ಆಗ ಕಾಕಾ ಮಾತಾಡಿದರು.

"ದಿಗ್ಯಾ, ಕೇಳಿಸ್ತಿದೆಯಾ? ಎಷ್ಟು ಕೊಟ್ಟ ಅಂದೆ ನೀನು. ನಾನು ಸುಮ್ಮನಿದ್ದೆ. ಯಾಕೆ ಗೊತ್ತಾ? ಲಂಚಕೋರ ಅಂದ್ರೆ ಒಂದು ದಿನ ಉರಿಯುತ್ತೆ, ಆರುತ್ತೆ. ಮುದುಕ ಅಂದ್ರೆ ಮನೆ ತನಕ ಹಿಂದೆನೇ ಬರುತ್ತೆ." ತುಕ್ಕಿನ ಸ್ಕ್ರೂ ಕಿರ್ ಎಂದು ತಿರುಗಿತು. ಅದನ್ನು ಕಿಸೆಗೆ ಹಾಕಿದರು. "ಇನ್ನೊಂದು. ನೀನು ಪಾನಾ ಹಿಡಿಯೋದು ಸೌಟು ಹಿಡಿದ ಹಾಗೆ. ಹತ್ತು ವರ್ಷದಿಂದ ಹೇಳ್ಬೇಕು ಅಂತಿದ್ದೆ. ಇಲ್ಯಾಸ್, ನಗಬೇಡ, ನಿನ್ನ ಮಗನ ಸುನ್ನತಿ ಊಟದಲ್ಲಿ ಉಪ್ಪು ಜಾಸ್ತಿಯಾಗಿತ್ತು. ಮೇಡಂ, ನಮ್ಮ ಆಫೀಸಿನ ಚಹಾದ ಬಗ್ಗೆ ಒಂದು ಮಾತು..."

ಕೈಗಳು ಮಾತ್ರ ಮಾತಿಗೆ ಕಾಯುತ್ತಿರಲಿಲ್ಲ. ಬಿಚ್ಚಿದ ಸ್ವಿಚ್ಚು ಮತ್ತೆ ಕೂತಿತು, ವೈರು ಸೇರಿತು, ಸ್ಕ್ರೂ ಬಿಗಿಯಿತು. ಏನೂ ಬೀಳಲಿಲ್ಲ. ಚಹಾದಿಂದ ಮಾತು ಮಾಲವಣದ ಬಸ್ಸಿಗೆ ಹೋಯಿತು, ಬಸ್ಸಿನಿಂದ ಅವರ ಸೋದರಮಾವನ ಎಮ್ಮೆಗೆ.

"ಇವರು ಕೆಲಸ ಮಾಡುವಾಗ ಯಾವಾಗಲೂ ಹೀಗೇನಾ?" ಎಂದು ಮೇಡಂ ಮೆಲ್ಲಗೆ ಕೇಳಿದರು.

"ಇಲ್ಲ ಮೇಡಂ," ಎಂದ ಇಲ್ಯಾಸ್ ಭಾಯ್. "ಮೂವತ್ತು ವರ್ಷ ಬಾಯಲ್ಲಿ ಟಾರ್ಚಿತ್ತು."

ಮೇಡಂ ಬೆಳ್ಳಿಯದಕ್ಕೇ ಹೇಳಿಕಳಿಸಿದರು, ಜೊತೆಗೆ ಹೆಲ್ಮೆಟ್ಟಿನ ಪಟ್ಟಿಗಳಿಗೂ. ಇನ್ನು ಮೇಲೆ ಟಾರ್ಚು ಬಾಯಲ್ಲಿ ಕಂಡರೆ ಕಚ್ಚಿದವನಿಗೆ ಫೋನಿನ ಮೇಜು ಎಂದು ನನ್ನನ್ನೇ ನೋಡಿ ಹೇಳಿ ಕೆಳಗಿಳಿದು ಹೋದರು. ಕಾಕಾ ಇನ್ನೂ ಮೇಲೆಯೇ ಇದ್ದರು. ಅವರ ಕತೆಯ ಎಮ್ಮೆ ಆಗಷ್ಟೇ ಬಾವಿಗೆ ಬಿದ್ದಿತ್ತು, ಅದನ್ನು ಎತ್ತುವ ತನಕ ಅವರು ಇಳಿಯುವ ಹಾಗಿರಲಿಲ್ಲ.