ಉದ್ಘಾಟನೆಗೆ ಮೊದಲೇ ಉಕ್ಕಿದ ಹಾಲು

ಬೆಟಗೇರಿಯಲ್ಲಿ ನಮ್ಮ ಓಣಿಯ ಮುಂದಿನ ರಸ್ತೆಗೆ ಜಲ್ಲಿಕಡಿ ಹಾಸಿದವಳು ಹುಚ್ಚವ್ವ. ಡಾಂಬರಿನ ಕಾವಿಗೆ ಅವಳ ಅಂಗಾಲು ಸುಲಿದಿತ್ತು. ರಸ್ತೆ ಅಗಲವಾಯಿತು, ನುಣ್ಣಗಾಯಿತು. ಅದರ ಹಿಂದೆಯೇ ಓಣಿಯ ಬಾಡಿಗೆಗಳೂ ಏರಿದವು. ಅವಳ ಖೋಲಿಯ ಮಾಲೀಕ ರಸ್ತೆಯನ್ನು ಹೊಗಳಿ, ಅವಳ ಕೆಲಸವನ್ನೂ ಹೊಗಳಿ, ಅಮಾವಾಸ್ಯೆಯೊಳಗೆ ಖೋಲಿ ಬಿಡಲು ಹೇಳಿದ.

ಮಲ್ಲಸಮುದ್ರದ ಹಾದಿಯಲ್ಲಿ ಸರ್ಕಾರ ಕಟ್ಟಿಸಿದ ಮನೆಗಳ ಪೈಕಿ ಒಂದು ಅವಳ ಹೆಸರಿಗೆ ಬಂದಿತ್ತು. ಬಣ್ಣ ಬಳಿದೇ ಎರಡು ಮಳೆಗಾಲ ಕಳೆದಿದ್ದವು. ಆದರೆ ರಿಬ್ಬನ್ ಕತ್ತರಿಸಬೇಕಾದ ದೊಡ್ಡ ಸಾಹೇಬರಿಗೆ ಪುರಸೊತ್ತಿರಲಿಲ್ಲ.

"ಮನಿ ನಂದರಿ ಅಕ್ಕಾರ, ಬಾಗಲಾ ಅಷ್ಟ ಅವರದು" ಎಂದು ಹುಚ್ಚವ್ವ ನಗುತ್ತಿದ್ದಳು.

ಕೊನೆಗೆ ಸೋಮವಾರದ ಮುಹೂರ್ತ ಗೊತ್ತಾಯಿತು. ಆದರೂ ಕೀಲಿ ಕೈಗೆ ಬರುವುದಿಲ್ಲವೆಂದು ಇಂಜಿನಿಯರ್ ಅಂದಾನಪ್ಪನವರು ತಿಳಿಸಿದರು. ಫೋಟೋ ಮುಗಿದ ಮೇಲೆ ಮತ್ತೆ ಬೀಗ. ನಳ ಕೂಡಿಸಿದ ಮೇಲೆಯೇ ವಾಸ. ನಳದ ದುಡ್ಡೋ, ಹೊಸ ರಸ್ತೆಯ ಸರ್ಕಲ್ಲಿನ ಕಾರಂಜಿಗೆ ಹೋಗಿತ್ತು. ಅಲ್ಲಿ ನೀರು ಬಣ್ಣಬಣ್ಣವಾಗಿ ಕುಣಿಯುತ್ತಿತ್ತು.

ಹುಚ್ಚವ್ವ ನನ್ನ ಹಿತ್ತಾಳೆ ಬೋಗುಣಿ ಕೇಳಿ ಒಯ್ದಳು. ಆಮೇಲೆ ಮನೆ ಸಿಕ್ಕ ಉಳಿದ ಹೆಂಗಸರನ್ನು ಕೂಡಿಸಿಕೊಂಡು ಅಂದಾನಪ್ಪನವರಲ್ಲಿಗೆ ಹೋದಳು. ಸ್ಕೂಟರ್ ಕೊಳ್ಳುವಾಗಲೂ ಪಂಚಾಂಗ ನೋಡಿಸಿದ ಮನುಷ್ಯ ಅವರು.

"ಸಾಹೇಬ್ರ, ಹಾಲು ಉಕ್ಕಿಸದ ಮನ್ಯಾಗ ದೊಡ್ಡವರು ಕಾಲಿಟ್ರ ಅವರಿಗೇ ಛಲೋ ಅಲ್ಲರಿ."

ಅಂದಾನಪ್ಪನವರು ಯೋಚಿಸಿ, ಭಾನುವಾರ ಬಾಗಿಲು ತೆಗೆಯಲು ಕಾವಲುಗಾರ ನಜೀರಸಾಬನಿಗೆ ಹೇಳಿದರು. ಯಾರೂ ಕೇಳದಿದ್ದರೂ ನಜೀರಸಾಬ ಮನೆಮನೆಗೆ ಮೂರು ಇಟ್ಟಂಗಿ ಇಟ್ಟು ಒಲೆ ಹೂಡಿಕೊಟ್ಟ, ಪುಳ್ಳೆ ಆರಿಸಿ ತಂದ. ಹುಚ್ಚವ್ವ ಕರೆದಳೆಂದು ನಾನೂ ಹೋಗಿದ್ದೆ. ಎಲ್ಲ ಮನೆಗಳಲ್ಲೂ ಹಾಲು ಉಕ್ಕಿತು.

ಸಂಜೆ ಬೀಗ ಹಾಕಿಸಲು ಅಂದಾನಪ್ಪನವರು ಬಂದರು. ಹುಚ್ಚವ್ವನ ಹೊಸ್ತಿಲ ಒಳಗೆ ನೆರೆಯ ಮಂಜವ್ವ ಕಾಲು ಚಾಚಿ ಕುಳಿತಿದ್ದಳು.

"ಹಾಲು ಉಕ್ಕಿಸಿದ ಮನಿಗೆ ಅವತ್ತ ಕೀಲಿ ಹಾಕತಾರೇನ್ರಿ? ನಿಮ್ಮ ಮನಿಗೆ ಹಾಕಿದ್ರ್ಯಾ?"

ಅವರು ಹಾಕಿರಲಿಲ್ಲ. ಒಳಗೆ ನೋಡಬೇಕೆಂದು ಮುಂದೆ ಬಂದವರು, ಹೊಸ್ತಿಲ ಬಳಿ ತಡೆದು ನಿಂತು, ಬಗ್ಗಿ ಬೂಟು ಬಿಚ್ಚಿದರು. ಅದನ್ನು ಕಂಡು ನನ್ನ ಕಣ್ಣು ತುಂಬಿತು. ಅಲ್ಲಿಯವರೆಗೆ ಆ ಮನೆಗಳೊಳಗೆ ಬೂಟು ಬಿಚ್ಚಿ ಹೋದ ಅಧಿಕಾರಿ ಯಾರೂ ಇರಲಿಲ್ಲ. ಒಳಗೆ ಹೋಗಿ ಬಂದು, ಬೀಗದ ಮಾತು ನಾಳೆ ನೋಡೋಣವೆಂದು ಅವರು ಹೊರಟರು. ಹಿಂದೆಯೇ ಕೈಗಾಡಿಗಳಲ್ಲಿ ಟ್ರಂಕು, ಚಾಪೆ, ಕೋಳಿಬುಟ್ಟಿ ಬಂದವು.

ಸೋಮವಾರ ದೊಡ್ಡ ಸಾಹೇಬರು ಹುಚ್ಚವ್ವನ ಬಾಗಿಲಿನ ರಿಬ್ಬನ್ ಕತ್ತರಿಸಿದರು. ಬಾಗಿಲು ಒಳಗಿನಿಂದ ತೆರೆಯಿತು. ತಲೆಯ ಮೇಲೆ ಸೆರಗು ಹೊದ್ದು ಹುಚ್ಚವ್ವ ನಿಂತಿದ್ದಳು.

"ಬರ್ರಿ ಸಾಹೇಬ್ರ, ಕುಂಡ್ರಿ. ನಮ್ಮ ಮನಿಗೆ ನೀವ ಮೊದಲನೇ ಬೀಗರು."

ಕ್ಯಾಮೆರಾಗಳ ಎದುರು ಅವರು ಚಾಪೆಯ ಮೇಲೆ ಕೂರಲೇಬೇಕಾಯಿತು. ಮನೆಗೆ ಬಂದವರನ್ನೆಲ್ಲ ಬೀಗರೆನ್ನುವುದು, ಅವರಿಗೆ ಮೊದಲು ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಬೆಳಗಿದ ತಂಬಿಗೆಯನ್ನು ಅವಳು ಎರಡೂ ಕೈಯಿಂದ ಕೊಟ್ಟಳು. ಸಾಹೇಬರು ಎತ್ತಿದರು, ಒಳಗೆ ನೋಡಿದರು. ಖಾಲಿ ಇತ್ತು.

"ನಳಾ ಕೂಡಿಸಿಲ್ಲರಿ. ನೀರು ಕೊಡದ ಕಳಿಸಿದ್ರ ನಮ್ಮ ಮರ್ಯಾದಿ ಹೋಗತೈತಿ. ನೀರು ಬರೂತನಕ ಆರಾಮ ಕುಂಡ್ರಿ."

ಸಾಹೇಬರು ಹೊರಗೆ ನೋಡಿದರು. ಸಾಲಿನ ಒಂದೊಂದು ಬಾಗಿಲಲ್ಲೂ ಒಬ್ಬೊಬ್ಬ ಹೆಂಗಸು, ಕೈಯಲ್ಲಿ ತಂಬಿಗೆ ಹಿಡಿದು, ಅವರು ಬರುವುದನ್ನೇ ಕಾಯುತ್ತಿದ್ದಳು.