ಕರ್ನಲ್ ಬೆನ್ನ ಹಿಂದೆ

ಆ ಮನೆಯಲ್ಲಿ ಕರ್ನಲ್ ಬೆನ್ನ ಹಿಂದಿನಿಂದ ಯಾರೂ ಬರುತ್ತಿರಲಿಲ್ಲ. ಗಂಡ ಅಡುಗೆಮನೆಗೆ ಕಾಲಿಡುವ ಮೊದಲು ಕೆಮ್ಮುತ್ತಿದ್ದ. ಕೆಮ್ಮು ಬಾರದಿದ್ದರೆ ಚಪ್ಪಲಿ ಎಳೆದು ಸದ್ದು ಮಾಡುತ್ತಿದ್ದ. ಅವನದು ಕನ್ನಡಕದ ಅಂಗಡಿ. ಸ್ವಭಾವದಲ್ಲೇ ಮೆತ್ತಗೆ ನಡೆಯುವವನು. ಹೆಂಡತಿ ಸೈನ್ಯದಿಂದ ನಿವೃತ್ತಳಾಗಿ ಮನೆಗೆ ಬಂದ ಮೇಲೆ ಸದ್ದು ಮಾಡಿಕೊಂಡು ಬದುಕುವುದನ್ನು ಕಲಿತಿದ್ದ.

ಅದನ್ನು ಕಲಿಸಿದ್ದು ನಾದಿನಿಯ ಭುಜ. ಹುಟ್ಟುಹಬ್ಬದ ದಿನ ಆಕೆ ಪ್ರೀತಿಯಿಂದ ಅಕ್ಕನನ್ನು ಹಿಂದಿನಿಂದ ತಬ್ಬಿಕೊಂಡಿದ್ದಳು, ಅಷ್ಟೆ. ರೆಪ್ಪೆ ಬಡಿಯುವಷ್ಟರಲ್ಲಿ ನೆಲದ ಮೇಲೆ ಬಿದ್ದಿದ್ದಳು, ಭುಜದ ಕೀಲು ತಪ್ಪಿತ್ತು. ಬಚ್ಚಲಲ್ಲಿ ಜಾರಿದಳು ಎಂದು ಡಾಕ್ಟರಿಗೆ ಹೇಳಿದರು. ಆಮೇಲೆ ಕರ್ನಲ್ ಗಂಡನಿಂದ ಮಾತು ತೆಗೆದುಕೊಂಡಳು: "ಯಾರಿಗೂ ಹೇಳಬೇಡ. ನನ್ನನ್ನ ಹುಚ್ಚಿ ಅಂತ ನೋಡೋ ಕಣ್ಣು ನನಗೆ ಬೇಡ."

ಯಾವುದೋ ಗಡಿ ಠಾಣೆಯಲ್ಲಿ ಹಿಂದಿನಿಂದ ಒಂದು ಕೈ ಅವಳ ಕೊರಳಿಗೆ ಬಿದ್ದಿತ್ತು. ಆ ಕೈಯವನು ಬದುಕಲಿಲ್ಲ. ಇಷ್ಟನ್ನು ಮಾತ್ರ ಅವಳು ಗಂಡನಿಗೆ ಹೇಳಿದ್ದಳು. ಉಳಿದದ್ದನ್ನು ಸರ್ಕಾರ 'ಅಸಾಧಾರಣ ಧೈರ್ಯ' ಎಂಬ ಎರಡು ಪದದಲ್ಲಿ ಮುಗಿಸಿ ಪದಕ ಕೊಟ್ಟಿತ್ತು.

ಈಗ ಅವಳ ಹಳೆಯ ಕಾಲೇಜು ತನ್ನದೂ ಒಂದು ಪದಕ ಹಾಕಿ ಸನ್ಮಾನಿಸಲು ಕರೆದಿತ್ತು. ಆ ಕಾಲೇಜಿನ ಮೊದಲ ಮಹಿಳಾ ಕುಸ್ತಿಪಟು ಅವಳು. ಆಗ ಅವಳ ಅಡ್ಡಹೆಸರು ಉಡ. ಹಿಡಿದರೆ ಬಿಡುವವಳಲ್ಲ ಎಂದು.

ಕಾರ್ಯಕ್ರಮ ಕಾಲೇಜಿನ ವ್ಯಾಯಾಮಶಾಲೆಯಲ್ಲಿ. ಕುಸ್ತಿಯ ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸಿ ಕುರ್ಚಿ ಹಾಕಿದ್ದರು. ರಬ್ಬರು ಮತ್ತು ಬೆವರಿನ ಹಳೇ ವಾಸನೆ ಮಾತ್ರ ಹೋಗಿರಲಿಲ್ಲ. ಒಂದು ತುದಿಯಲ್ಲಿ ಹಲಗೆಯ ವೇದಿಕೆ, ಅದರ ಬದಿಗೆ ಪರದೆ. ಚಹಾದ ಮೇಜಿನ ಹತ್ತಿರ ಒಬ್ಬ ದಪ್ಪನೆಯ ಹೆಂಗಸು ಕನ್ನಡಕದಂಗಡಿಯವನ ಕೈಯನ್ನು ಹಿಂಡುವಂತೆ ಕುಲುಕಿದಳು.

"ನಾನು ಪೀಪಾಯಿ. ಉಡದ ಜೊತೆಗಾತಿ. ಅವಳು ಹೇಳಿರಬೇಕಲ್ಲ?"

ಹೇಳಿದ್ದಳು. ದಿನಾ ಅವಳೊಂದಿಗೆ ಅಭ್ಯಾಸ ಮಾಡಿದವಳು, ಈಗ ಬಟ್ಟೆ ಇಸ್ತ್ರಿ ಮಾಡುವ ಅಂಗಡಿ ಇಟ್ಟವಳು. ಪೀಪಾಯಿ ಅವನ ಕಿವಿಯ ಹತ್ತಿರ ಬಗ್ಗಿದಳು.

"ಒಂದು ಗುಟ್ಟು. ನಾನು ಬಂದಿರೋದು ಅವಳಿಗೆ ಗೊತ್ತಿಲ್ಲ. ಪದಕ ಹಾಕಿದ ತಕ್ಷಣ ಹಿಂದಿನಿಂದ ಹೋಗಿ ಸೊಂಟ ಹಿಡಿದು ಎತ್ತಿಬಿಡ್ತೀನಿ. ಕಾಲೇಜಲ್ಲಿ ಹಾಗೇ ಎತ್ತಿದ್ದೆ. ಫೋಟೋದವನಿಗೂ ಹೇಳಿದ್ದೀನಿ."

ಅವನ ಲೋಟದ ಚಹಾ ತಟ್ಟೆಗೆ ಚೆಲ್ಲಿತು. ಹೇಳಿಬಿಡಬೇಕು ಎಂದು ಬಾಯಿ ತೆರೆದ. ಹೆಂಡತಿಗೆ ಕೊಟ್ಟ ಮಾತು ಅಡ್ಡ ಬಂತು.

"ಬೇಡ... ಅವಳಿಗೆ ಬೆನ್ನು ನೋವು."

"ಅಯ್ಯೋ, ಉಡಕ್ಕೆ ಬೆನ್ನು ನೋವಾ!" ಪೀಪಾಯಿ ಹೊಟ್ಟೆ ಕುಲುಕಿಸಿ ನಕ್ಕಳು. "ಆಯ್ತು ಬಿಡಿ, ನಿಮ್ಮ ಹೆಂಡತಿ, ನಿಮ್ಮ ಮಾತು."

ಅವನು ಉಸಿರು ಬಿಟ್ಟು ಮುಂದಿನ ಸಾಲಿನಲ್ಲಿ ಕುಳಿತ. ವೇದಿಕೆಯ ಮೇಲೆ ಹೆಂಡತಿ ನೆಟ್ಟಗೆ ಕುಳಿತಿದ್ದಳು. ಅವಳ ಕುರ್ಚಿಯನ್ನು ಗೋಡೆಗೆ ತಾಗಿಸಿ ಹಾಕಿರೆಂದು ಬೆಳಿಗ್ಗೆಯೇ ಅವನು ಹೇಳಿಸಿದ್ದ. ಪ್ರಿನ್ಸಿಪಾಲರು ಮಾತಾಡಿದರು, ಮಾತಾಡಿದರು, ಕೊನೆಗೆ ಪದಕ ತೋರಿಸಿ ಅವಳನ್ನು ವೇದಿಕೆಯ ನಡುವಿಗೆ ಕರೆದರು.

ಗೋಡೆ ಬಿಟ್ಟು ಅವಳು ಮುಂದೆ ಬಂದಳು. ಆಗ ಪರದೆಯ ಪಕ್ಕದಲ್ಲಿ ಅವನಿಗೆ ಪೀಪಾಯಿ ಕಂಡಳು. ಬಗ್ಗಿ ಶೂ ಕಳಚುತ್ತಿದ್ದಳು, ಸದ್ದಾಗದಿರಲೆಂದು. ಅವನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಹೊಡೆದಳು.

ಅವನು ಎದ್ದು ನಿಂತು "ಬೇಡ! ಬೇಡ!" ಎಂದು ಕೂಗಿದ. ಅದೇ ಹೊತ್ತಿಗೆ ಪದಕ ಕೊರಳಿಗೆ ಬಿತ್ತು, ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು. ಅವನ ಕೂಗು ಅವನಿಗೇ ಕೇಳಿಸಲಿಲ್ಲ.

ಪೀಪಾಯಿಯ ತೋಳುಗಳು ಕರ್ನಲ್ ಸೊಂಟವನ್ನು ಸುತ್ತಿದವು. ಅವಳ ಕಾಲು ನೆಲ ಬಿಟ್ಟಿದ್ದು ಒಂದು ಕ್ಷಣ. ಮರುಕ್ಷಣ ಹಲಗೆ ದಡಾರೆಂದಿತು. ಪೀಪಾಯಿ ಕೆಳಗೆ ಬಿದ್ದಿದ್ದಳು. ಕರ್ನಲ್ ತೋಳು ಅವಳ ಕತ್ತನ್ನು ಸುತ್ತಿ ಬಿಗಿದಿತ್ತು.

ಸಭೆ ಹುಚ್ಚೆದ್ದಿತು. ಹುಡುಗಿಯರು ಶಿಳ್ಳೆ ಹಾಕಿದರು. ಫೋಟೋದವನು ಮೊಣಕಾಲೂರಿ ಕ್ಲಿಕ್ಕಿಸತೊಡಗಿದ. ಪ್ರಿನ್ಸಿಪಾಲರು "ಇನ್ನೂ ಅದೇ ಪಟ್ಟು!" ಎಂದು ಮೈಕಿನಲ್ಲಿ ನಕ್ಕರು. ಪೀಪಾಯಿ ಅಂಗೈಯಿಂದ ಹಲಗೆ ಬಡಿದಳು. ಸೋತೆ, ಬಿಡು ಎಂಬ ಕುಸ್ತಿಯ ಗುರುತು ಅದು. ಮತ್ತೆ ಬಡಿದಳು. ಜನ ಅದನ್ನೂ ನಾಟಕವೆಂದುಕೊಂಡು ಅದರ ತಾಳಕ್ಕೇ ಚಪ್ಪಾಳೆ ಹಾಕಿದರು. ಅವಳ ಮುಖ ಕಪ್ಪಿಟ್ಟಿತು. ಬಡಿಯುವ ಕೈ ನಿಧಾನವಾಯಿತು.

ಅವನು ಮೆಟ್ಟಿಲು ಹುಡುಕಲಿಲ್ಲ. ವೇದಿಕೆಗೆ ಎದೆ ತರಚಿಕೊಂಡು ಹತ್ತಿದ. ತೋಳು ಹಿಡಿದು ಎಳೆದರೆ ಇನ್ನೂ ಬಿಗಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೆಂಡತಿಯ ಎದುರಿಗೆ ಹೋಗಿ ಹಲಗೆಯ ಮೇಲೆ ಮಕಾಡೆ ಮಲಗಿದ. ಮುಖಕ್ಕೆ ಮುಖ. ಅವಳ ಕಣ್ಣು ತೆರೆದಿತ್ತು, ಆದರೆ ಅದರಲ್ಲಿ ಅವನಿರಲಿಲ್ಲ. ಬೇರೆ ಯಾರೋ ಇದ್ದರು.

"ನಾನು ಕಣೇ. ಅಂಗಡಿ ಮುಚ್ಚಿ ಬಂದೆ," ಎಂದ, ದಿನಾ ಸಂಜೆ ಮನೆ ಬಾಗಿಲಲ್ಲಿ ಹೇಳುವ ಹಾಗೆ. ಧ್ವನಿ ಏರಿಸದಿರಲು ಹಲ್ಲು ಕಚ್ಚಿಕೊಂಡಿದ್ದ. "ಇದು ನಿನ್ನ ಕಾಲೇಜು. ಹಗಲು. ಕೆಳಗಿರೋದು ಪೀಪಾಯಿ. ಅವಳು ನೆಲ ಬಡೀತಾ ಇದ್ದಾಳೆ, ಕೇಳು. ನಾನು ಕಣೇ."

ಏನೂ ಆಗಲಿಲ್ಲ. ಇವಳೀಗ ಎಲ್ಲರೆದುರು ಗೆಳತಿಯನ್ನು ಕೊಲ್ಲುತ್ತಾಳೆ, ಜನ ಚಪ್ಪಾಳೆ ತಟ್ಟುತ್ತಲೇ ಇರುತ್ತಾರೆ ಎಂದು ಅವನಿಗೆ ಅನಿಸಿತು. "ಪೀಪಾಯಿ," ಎಂದ ಮತ್ತೆ. "ಪೀಪಾಯಿ ಕಣೇ."

ಅವಳ ರೆಪ್ಪೆ ಅಲುಗಿತು. ತೋಳು ಸಡಿಲವಾಯಿತು.

ಪರದೆಯ ಹಿಂದೆ ಪೀಪಾಯಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಅವಳು ಬಹಳ ಹೊತ್ತು ಕೆಮ್ಮಿದಳು. ಕೊರಳಿನ ಮೇಲೆ ಕೆಂಪು ಪಟ್ಟೆ ಎದ್ದಿತ್ತು. ಮಾತು ಬಂದಾಗ ಅವಳು ಗೆಳತಿಯನ್ನು ನೋಡಲಿಲ್ಲ, ಅವನನ್ನು ನೋಡಿದಳು.

"ನಿಮಗೆ ಗೊತ್ತಿತ್ತು."

ಅವನು ತಲೆ ತಗ್ಗಿಸಿದ.

"ಬೆನ್ನು ನೋವು ಅಂದ್ರಲ್ಲಾ ರೀ! ನಿಜ ಹೇಳಿದ್ರೆ ನಾನು ಹತ್ತಿರ ಹೋಗ್ತಿದ್ನಾ? ನನಗೆ ಮೊಮ್ಮಕ್ಕಳಿದ್ದಾರೆ ರೀ."

"ಬೈಯೋದಾದ್ರೆ ನನ್ನನ್ನ ಬೈ," ಎಂದಳು ಕರ್ನಲ್. "ಅವನ ಬಾಯಿಗೆ ಬೀಗ ಹಾಕಿದ್ದು ನಾನು." ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡಳು, ಮತ್ತೆ ಎಲ್ಲಿ ಹಾರುತ್ತವೋ ಎಂಬಂತೆ.

ಹೊರಗೆ ಪ್ರಿನ್ಸಿಪಾಲರು ಎರಡು ಮಾತಾಡಲು ಅವಳನ್ನು ಕರೆಯುತ್ತಿದ್ದರು. ಹೋಗಬೇಡ, ಮನೆಗೆ ಹೋಗೋಣ ಎಂದು ಗಂಡ ಹೇಳಿದ. ಅವಳು ಮೈಕಿನ ಮುಂದೆ ಹೋಗಿ ನಿಂತಳು.

"ನೀವು ನೋಡಿದ್ದು ಆಟ ಅಲ್ಲ," ಎಂದಳು. "ಅವಳು ನೆಲ ಬಡಿದಿದ್ದು ನನಗೆ ಕೇಳಿಸ್ಲಿಲ್ಲ. ಹಿಂದಿನಿಂದ ಯಾರು ಮುಟ್ಟಿದ್ರೂ ನನಗೆ ಹೀಗಾಗುತ್ತೆ. ಸೈನ್ಯದಿಂದ ನಾನು ಪದಕ ಒಂದನ್ನೇ ತಂದಿಲ್ಲ. ಇದನ್ನ ಯಾರಿಗೂ ಹೇಳದೆ ಇಟ್ಕೊಂಡಿದ್ದೆ, ಹೆದರಿಕೊಂಡು. ಇವತ್ತು ನನ್ನ ಗೆಳತಿ ಹೋಗಿಬಿಡ್ತಿದ್ಲು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಫೋಟೋದವನು ಕ್ಯಾಮೆರಾ ಕೆಳಗಿಟ್ಟ. ಅವಳು ಇಳಿದು ನಡೆದಾಗ ಕೈ ಕುಲುಕಲು ಸಾಲು ನಿಂತಿದ್ದ ಹುಡುಗಿಯರು ಬೇಕಾದ್ದಕ್ಕಿಂತ ಹೆಚ್ಚೇ ದಾರಿ ಬಿಟ್ಟರು. ಅವಳು ಹೆದರಿದ್ದ ಕಣ್ಣುಗಳು ಇವೇ ಎಂದು ಗಂಡನಿಗೆ ತಿಳಿಯಿತು. ಅವಳು ಅವುಗಳ ನಡುವೆಯೇ ನೆಟ್ಟಗೆ ನಡೆದಳು.

ಬಾಗಿಲ ಬಳಿ ಪೀಪಾಯಿ ಎದುರಿಗೆ ಬಂದು ನಿಂತಳು. "ಮುಂದಿನಿಂದಲೇ ಬರ್ತಿದ್ದೀನಿ, ನೋಡ್ಕೋ," ಎಂದಳು ಗೊಗ್ಗರು ದನಿಯಲ್ಲಿ. ತಬ್ಬಿಕೊಳ್ಳಲಿಲ್ಲ, ಅವಳಿಗೂ ಭಯ ಇತ್ತು. ಗೆಳತಿಯ ತೋಳನ್ನು ಒಂದು ಸಲ ತಟ್ಟಿ ಕೈ ಹಿಂತೆಗೆದುಕೊಂಡಳು. "ಇದನ್ನ ತೋರಿಸೋಕೆ ಆಸ್ಪತ್ರೆಗೆ ಯಾವಾಗ ಹೋಗ್ತೀಯ?"

"ಸೋಮವಾರ."

"ನಾನೂ ಬರ್ತೀನಿ. ಈ ನಿನ್ನ ಗಂಡನ್ನ ನಂಬಲ್ಲ."

ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಕರ್ನಲ್ ಕೇಳಿದಳು: "ನಾನು ಬಿಡದೇ ಇದ್ದಿದ್ರೆ?"

ಏನೂ ಆಗ್ತಿರಲಿಲ್ಲ ಎನ್ನುವುದು ಅವನ ರೂಢಿ. ಈ ಸಲ "ಪೀಪಾಯಿ ಇರ್ತಿರಲಿಲ್ಲ," ಎಂದ. ಹಿಂದಿನ ಕಾರು ಜೋರಾಗಿ ಹಾರ್ನ್ ಹೊಡೆಯಿತು. ಇಬ್ಬರೂ ಒಟ್ಟಿಗೇ ಬೆಚ್ಚಿದರು.