‘ಇಲ್ಲ’ ಎಂದು ಬರೆಸಿಕೊಂಡ ತಗಡು

ನಾನು ಒಂದು ತಗಡಿನ ಬೋರ್ಡು. ದಾವಣಗೆರೆಯ ಒಂದು ಶೆಡ್ಡಿನಲ್ಲಿ, ಪೇಂಟರ್ ಮಾಬುಸಾಬರ ಕೈಯಲ್ಲಿ ಹುಟ್ಟಿದೆ. ಅವರು ನನಗೆ ಬಿಳಿ ಬಣ್ಣ ಬಳಿದು, ಒಣಗಿಸಿ, ಕೆಂಪು ಬಣ್ಣದಲ್ಲಿ ಬರೆದರು: ‘ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದು ಇಲ್ಲ.’ ಕೊನೆಯ ಪದಕ್ಕೆ ಜಾಗ ಸಾಲಲಿಲ್ಲ. ‘ಇಲ್ಲ’ ಒಂದೇ ಕೆಳಗಿನ ಸಾಲಿಗೆ ಇಳಿಯಿತು. ಪಕ್ಕದಲ್ಲಿ ಒಣಗುತ್ತಿದ್ದ ಬೋರ್ಡಿಗೆ ‘ಸುಸ್ವಾಗತ’ ಎಂಬ ಮಾತು ಸಿಕ್ಕಿತ್ತು. ನನಗೆ ಯಾಕೆ ಇಂಥ ಮಾತು ಎಂದು ಆಗಲೇ ಕಸಿವಿಸಿಯಾಗಿತ್ತು.

ಮೊದಲು ಒಂದು ಪಾತ್ರೆ ಅಂಗಡಿಯಲ್ಲಿದ್ದೆ. ಸೋರುವ ಕುಕ್ಕರ್ ಹಿಡಿದು ಬಂದವರಿಗೆ ಮಾಲೀಕರು ನನ್ನತ್ತ ಬೆರಳು ತೋರಿಸುತ್ತಿದ್ದರು. ಬಂದವರು ನನ್ನನ್ನು ಸುಡುವ ಹಾಗೆ ನೋಡಿ ಹೋಗುತ್ತಿದ್ದರು. ಆ ಅಂಗಡಿ ಮುಚ್ಚಿದಾಗ ರ‍್ಯಾಕು, ಸ್ಟೂಲುಗಳ ಜೊತೆ ನನ್ನನ್ನೂ ಸೀರೆ ಅಂಗಡಿಯ ಕರಿಬಸಣ್ಣ ಕೊಂಡರು.

ಅಲ್ಲಿ ನನ್ನ ಕೆಳಗೆ ನಿಲ್ಲುತ್ತಿದ್ದವಳು ಹಾಲಮ್ಮ. ದಿನವಿಡೀ ಸೀರೆ ಬಿಚ್ಚುವುದು, ಮಡಿಸುವುದು, ಬೈಸಿಕೊಳ್ಳುವುದು ಅವಳ ಕೆಲಸ. ಅವಳ ಸಂಬಳದ ಮೇಲೆ ಮನೆ ನಡೆಯುತ್ತಿತ್ತು. ಅದು ಕರಿಬಸಣ್ಣನಿಗೂ ಚೆನ್ನಾಗಿ ಗೊತ್ತಿತ್ತು. ‘ಬಿಟ್ಟು ಎಲ್ಲಿಗ್ ಹೋಗ್ತಿ ನೀನು?’ ಎಂದು ಆಗಾಗ ನಗುತ್ತಾ ಕೇಳುತ್ತಿದ್ದರು.

ಆಯುಧಪೂಜೆಯ ದಿನ ಅಂಗಡಿಯಲ್ಲಿ ಕತ್ತರಿಗೆ, ಮೀಟರ್ ಕೋಲಿಗೆ, ಗಲ್ಲಾಪೆಟ್ಟಿಗೆಗೆ ವಿಭೂತಿ ಕುಂಕುಮ ಇಟ್ಟರು. ಹಾಲಮ್ಮ ಸ್ಟೂಲು ಹತ್ತಿ ನನಗೂ ಒಂದು ಬೊಟ್ಟು ಇಟ್ಟಳು. ನನಗೆ ಪೂಜೆಯಾದದ್ದು ಅದೇ ಮೊದಲು. ಬೊಟ್ಟು ಬಿದ್ದದ್ದು ‘ಇಲ್ಲ’ದ ನೆತ್ತಿಯ ಮೇಲೆ. ಎಣ್ಣೆಯಲ್ಲಿ ಕಲಸಿದ ಕುಂಕುಮ ಕೆಂಪು ‘ಲ್ಲ’ಕ್ಕೆ ಅಂಟಿ ಗುಡಿಸಿನಂತೆ ಕೂತಿತು. ಯಾರೂ ಗಮನಿಸಲಿಲ್ಲ. ನನಗೆ ಬಾಯಿಲ್ಲ.

ಹಬ್ಬ ಕಳೆದ ಮೇಲೆ ಇಂದುಮತಿ ಬಂದರು. ಮಾಜಿ ಕೌನ್ಸಿಲರ್ ಹೆಂಡತಿ. ಕೌಂಟರಿನ ಮೇಲೆ ಸೀರೆಯನ್ನು ಎಸೆದರು.

‘ಇದ್ಯಾವ್ ಬಣ್ಣನೇ? ನಿಮ್ ಲೈಟಲ್ಲಿ ಗಿಣಿ ಹಸಿರು, ಬಿಸ್ಲಲ್ಲಿ ಕೊಳೆತ ಬಾಳೆಎಲೆ! ದುಡ್ಡು ವಾಪಸ್ ಕೊಡು.’

‘ಅಕ್ಕ, ಫಾಲ್ಸ್ ಹಾಕ್ಸಿಬಿಟ್ಟೀರಿ. ಇನ್ನು ಯಾರು ತಗೋತಾರೆ ಹೇಳ್ರಿ?’

‘ಹಾಕ್ಸಿದ್ರೆ ಏನೀಗ? ನಿಮ್ಮಪ್ಪನ ಮನೆ ದಾರದಾಗೆ ಹಾಕ್ಸಿನಾ?’

ಹಾಲಮ್ಮ ನನ್ನತ್ತ ಕೈ ತೋರಿಸಿದಳು. ಇಂದುಮತಿ ಕತ್ತೆತ್ತಿ ಓದಿದರು. ಮುಖದಲ್ಲಿ ನಗು ಹರಡಿತು.

‘ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದು ಇಲ್ಲಿ! ಕೇಳಿದ್ರೇನ್ರಿ ಎಲ್ಲಾರೂ? ಇಲ್ಲಿ ಅಂತ ಬರ್ಸವ್ರೆ. ಇಲ್ಲೇ ತಗೋ ಹಂಗಾದ್ರೆ!’

ಅಂಗಡಿ ತುಂಬ ನಗೆ. ಗಲ್ಲಾದಿಂದ ಎದ್ದು ಬಂದ ಕರಿಬಸಣ್ಣ ನನ್ನನ್ನು ನೋಡಿದರು, ಆಮೇಲೆ ಹಾಲಮ್ಮನನ್ನು.

‘ಯಾವಳು ಇಟ್ಟಿದ್ದು ಕುಂಕುಮ?’

‘ನಾನೇ ಸಾವ್ಕಾರ್ರೆ. ಪೂಜೆಗೆ...’

‘ಒರೆಸು ಮೊದ್ಲು!’

ಅವಳು ಸ್ಟೂಲು ಹತ್ತಿ ಒದ್ದೆ ಬಟ್ಟೆಯಿಂದ ತಿಕ್ಕಿದಳು. ಎಣ್ಣೆ ಕುಂಕುಮ ಜಗ್ಗಲಿಲ್ಲ. ಇನ್ನೂ ಬಲವಾಗಿ ತಿಕ್ಕಿದಳು. ಕುಂಕುಮದ ಜೊತೆ ನನ್ನ ಹಳೆಯ ಬಣ್ಣವೂ ಹಕ್ಕಳೆಯಾಗಿ ಎದ್ದುಬಂತು. ‘ಇಲ್ಲ’ ಇದ್ದ ಜಾಗದಲ್ಲಿ ಬರೀ ತಗಡು ಉಳಿಯಿತು.

‘ಈಗ ಇನ್ನೂ ಚೆಂದ ಆತು’ ಎಂದರು ಇಂದುಮತಿ. ‘ವಾಪಸ್ ತೆಗೆದುಕೊಳ್ಳುವುದು!’

ಕರಿಬಸಣ್ಣನಿಗೆ ಕೌನ್ಸಿಲರ್ ಮನೆಯವರ ಮುಂದೆ ದನಿ ಏಳಲಿಲ್ಲ. ಸಿಟ್ಟೆಲ್ಲ ಹಾಲಮ್ಮನ ಕಡೆ ತಿರುಗಿತು. ‘ಸೀರೆ ದುಡ್ಡು ನಿನ್ ಸಂಬ್ಳದಾಗೆ ಮುರ್ಕೋತೀನಿ. ನಾಳೆಯಿಂದ ಬರಬೇಡ. ಈಗ ಅಕ್ಕಾರಿಗೆ ಬೇರೆ ಸೀರೆ ತೋರ್ಸು.’

ಹಾಲಮ್ಮ ಸ್ಟೂಲಿನಿಂದ ಇಳಿದಳು. ಒದ್ದೆ ಬಟ್ಟೆಯನ್ನು ಕೌಂಟರಿನ ಮೇಲಿಟ್ಟಳು.

‘ಮಾರಿದ್ ಮಾಲು ವಾಪಸ್ ತಗೊಳಲ್ಲ ಅಂತ ನನ್ ಬಾಯಾಗೆ ಹೇಳ್ಸಿದ್ರಿ. ಕೆಲ್ಸಕ್ಕೆ ಇಟ್ಕೊಂಡ ಆಳನ್ನ ಮಾತ್ರ ನೀವೇ ವಾಪಸ್ ಕಳಿಸ್ತೀರಿ. ಆಗ್ಲಿ. ಸೀರೆ ತೋರ್ಸಲ್ಲ.’

‘ಏನಂದಿ?’

‘ತೋರ್ಸಲ್ಲ ಅಂದೆ. ನೀವೇ ತೋರ್ಸಿ.’

ಚಪ್ಪಲಿ ಮೆಟ್ಟಿ ನಡೆದೇಬಿಟ್ಟಳು. ಕರಿಬಸಣ್ಣ ಸೀರೆ ಬಿಚ್ಚಲು ಹೋಗಿ ಸೆರಗು ಯಾವ ಕಡೆಯೆಂದು ಹುಡುಕುತ್ತ ನಿಂತರು.

ಅದೇ ದಿನ ನನ್ನನ್ನು ಕಿತ್ತು ಹಿತ್ತಲಿಗೆ ಎಸೆದರು. ಹಾಲಮ್ಮ ಈಗ ಗಾರ್ಮೆಂಟ್ಸಿಗೆ ಹೋಗುತ್ತಾಳಂತೆ. ಕರಿಬಸಣ್ಣ ಹೇಳಿಕಳಿಸಿದರೂ ಬರಲಿಲ್ಲವಂತೆ. ಅಲ್ಲಿ ಅವಳನ್ನು ಬೈಯುವವರು ಇರಲಾರರು ಎಂದು ಹೇಳುವ ಧೈರ್ಯ ನನಗಿಲ್ಲ.

ನಾನೀಗ ನೀರಿನ ಡ್ರಮ್ಮಿನ ಮುಚ್ಚಳ. ತುಕ್ಕು ಅಂಚಿನಿಂದ ಒಳಗೆ ತಿನ್ನುತ್ತಾ ಬರುತ್ತಿದೆ. ಅಂಗಡಿಯೊಳಗಿನ ಕೂಗಾಟ ಇಲ್ಲಿಗೂ ಕೇಳಿಸುತ್ತದೆ. ಗೋಡೆಯ ಮೇಲೆ ಹೊಸ ಬೋರ್ಡು ಬಂದಿದೆಯಂತೆ, ಅದರ ಕೆಳಗೆ ಹೊಸ ಹುಡುಗಿ. ಮಧ್ಯಾಹ್ನ ಅವಳು ನನ್ನ ಮೇಲೆ ಡಬ್ಬಿ ಇಟ್ಟುಕೊಂಡು ಬೇಗಬೇಗ ಉಣ್ಣುತ್ತಾಳೆ, ಮುಖ ತೊಳೆದು ಒಳಗೆ ಓಡುತ್ತಾಳೆ. ಅವಳ ಹೆಸರು ನನಗೆ ಗೊತ್ತಿಲ್ಲ. ಒಳಗಿನಿಂದ ಯಾರೂ ಅವಳನ್ನು ಹೆಸರು ಹಿಡಿದು ಕರೆದದ್ದು ಇದುವರೆಗೆ ಕೇಳಿಸಿಲ್ಲ.